ಮಗ್ಗದ ಮೇಲಿನ ಐಪಾಡ್ ತಿಕ್ ತಿಕ್ ಅನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಬನಹಟ್ಟಿ. ಮನೆಯಲ್ಲಿ ಪವರ್‌ಲೂಮ್ ಮಗ್ಗ ಇವೆ. 2010ರಲ್ಲಿ ಸೋದರಮಾವ ಪುಣೆಯಿಂದ ಅಪ್ಪನಿಗೆ 160 ಜಿಬಿಯ ಐಪಾಡ್ ಕ್ಲಾಸಿಕ್, ಅಂದರೆ ಆಪಲ್ ಕಂಪನಿಯ ಹಾಡಿನ ಪ್ಲೇಯರ್, ತಂದುಕೊಟ್ಟಿದ್ದರು. ತೆಳುವಾದ ಮಾದರಿ. ತಮ್ಮ ಕಂಪ್ಯೂಟರ್‌ನಿಂದ ಅವರೇ ಹಾಡು ತುಂಬಿದ್ದರು. ಸಿನಿಮಾ ಹಾಡಿನ ಜೊತೆ ಅಪ್ಪನ ಹಳೇ ಕ್ಯಾಸೆಟ್‌ಗಳಿಂದ ಇಳಿಸಿದ ಪಾರಿಜಾತ ಆಟ, ನಮ್ಮ ಓಣಿಯ ಭಜನೆ, ವಿಜಯಪುರದ ಆಶ್ರಮದ ಪ್ರವಚನ ಎಲ್ಲ ಅದರಲ್ಲಿವೆ. ಈಗ ಆ ಕ್ಯಾಸೆಟ್ಟೂ ಇಲ್ಲ, ಮಾವನ ಕಂಪ್ಯೂಟರೂ ಇಲ್ಲ. ಅಪ್ಪ ಅದನ್ನು ಮಗ್ಗದ ಚೌಕಟ್ಟಿನ ಮೇಲೆ ಇಟ್ಟುಕೊಂಡೇ ಕೇಳುತ್ತಾರೆ. ಎರಡು ತಿಂಗಳಿಂದ ಒಳಗೆ ತಿಕ್ ತಿಕ್ ಸಪ್ಪಳ ಬರುತ್ತಿದೆ. ಹಾಡು ನಡುವೆ ನಿಲ್ಲುತ್ತದೆ. ಚಾರ್ಜ್ ಎರಡು ತಾಸೂ ಬಾಳುವುದಿಲ್ಲ. ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ‘ಎಲ್ಲ ಅಳಿಸಿ ಹೊಸದಾಗಿ ತುಂಬಲೇ’ ಅಂತ ಕೇಳುತ್ತದೆ. ಅಂಗಡಿಯವರು ಒಳಗಿನ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕೋಣ ಅನ್ನುತ್ತಾರೆ. ಹಾಕಿಸಲೇ? ಇಲ್ಲ, ಇದನ್ನು ಬಿಟ್ಟು ಅಪ್ಪನಿಗೆ ಫೋನ್ ಕೊಡಿಸಲೇ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಐಪಾಡನ್ನು ಮಗ್ಗದ ಮೇಲಿಂದ ಇಳಿಸಿ. ಪ್ಲೇ ಗುಂಡಿಯನ್ನು ಒತ್ತಿ ಹಿಡಿದರೆ ಬಂದ್ ಆಗುತ್ತದೆ. ಒಳಗೆ ತಂಪಾದ ಕೋಣೆಯಲ್ಲಿ, ಗಾದಿ ಮೇಲೆ ಇಡಿ. ಹಾಡೆಲ್ಲ ಹೊರಗೆ ತೆಗೆಯುವವರೆಗೆ ಅಪ್ಪ ರೇಡಿಯೋ ಕೇಳಲಿ. ಸಿಟ್ಟು ಮಾಡಿದರೆ ನನ್ನ ಹೆಸರು ಹೇಳಿ.

ನಿಮ್ಮ ಅಂಗಡಿಯವರು ಕಾರ್ಡ್ ಹಾಕೋಣ ಅಂದಿದ್ದು ತಪ್ಪಲ್ಲ. ಆದರೆ ಅದು ಮೂರನೇ ಕೆಲಸ. ಮೊದಲ ಎರಡು, ಡಿಸ್ಕ್ ಹೇಗಿದೆ ನೋಡುವುದು, ಹಾಡು ಹೊರಗೆ ತೆಗೆಯುವುದು. ಅವನ್ನು ಬಿಟ್ಟು ಅಲ್ಲಿಗೆ ಹೋದರೆ ಐಪಾಡ್ ಉಳಿಯುತ್ತದೆ, ಪಾರಿಜಾತ ಹೋಗುತ್ತದೆ.

ನಾನು ಬೆಳಗಾವಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿಯಿಂದ ಶುರು ಮಾಡಿದವನು. ಕ್ಯಾಸೆಟ್ ಕಾಲದಲ್ಲಿ ಗಿರಾಕಿಗಳು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು. ಟೇಪ್ ಕಣ್ಣಿಗೆ ಕಾಣುತ್ತಿತ್ತು, ತಿರುಗುವುದು ಕಾಣುತ್ತಿತ್ತು, ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತುತ್ತಿದ್ದರು. ಈ ಹಾರ್ಡ್ ಡಿಸ್ಕ್ ಪ್ಲೇಯರ್ ಬಂದ ಮೇಲೆ ‘ಇದರಾಗ ತಿರಗೂದು ಏನೂ ಇಲ್ಲಲ್ರೀ, ಕೆಡೋದ್ಯಾಕ?’ ಅನ್ನತೊಡಗಿದರು. ಅಲ್ಲೇ ತಪ್ಪಿದ್ದು. ಅದರಲ್ಲಿ ತಿರುಗುವುದು ಇದೆ. ಮುಚ್ಚಿದ್ದಕ್ಕೆ ಕಾಣುವುದಿಲ್ಲ ಅಷ್ಟೇ. 1.8 ಇಂಚಿನ ಡಿಸ್ಕ್, ಅಂದರೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ತಟ್ಟೆ, ನಿಮಿಷಕ್ಕೆ ಸುಮಾರು 4,200 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ತಲೆ ತಟ್ಟೆಯನ್ನು ಮುಟ್ಟದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಎರಡರ ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಇಂಥದ್ದನ್ನು ಅಪ್ಪ ಲಾಳಿ ಬಡಿಯುವ ಮಗ್ಗದ ಮೇಲೆ ಇಟ್ಟು ಹದಿನೈದು ವರ್ಷ ಕೇಳಿದ್ದಾರೆ. ಅದು ಕೆಟ್ಟಿದ್ದು ನನಗೆ ಆಶ್ಚರ್ಯ ಅಲ್ಲ. ಇಷ್ಟು ದಿನ ಬಾಳಿದ್ದೇ ಆಶ್ಚರ್ಯ.

ಹೇಗೆ ಬಾಳಿತು ಅಂತ ಹೇಳುತ್ತೇನೆ. ಇದು ತಿಳಿದರೆ ಚಾರ್ಜ್, ಸಪ್ಪಳ, ಬೀಳುವುದು, ಎಲ್ಲಕ್ಕೂ ಉತ್ತರ ಸಿಗುತ್ತದೆ. ನಮ್ಮ ಬೋರಿನ ಮೋಟರ್ ದಿನವಿಡೀ ಓಡುವುದಿಲ್ಲ ಅಲ್ವಾ? ಕರೆಂಟ್ ಬಂದಾಗ ಓಡಿಸಿ ಟಾಕಿ ತುಂಬಿಸಿ ಬಂದ್ ಮಾಡುತ್ತೇವೆ. ಆಮೇಲೆ ನಳ ತಿರುಗಿಸಿದರೆ ಬರುವುದು ಟಾಕಿಯ ನೀರು. ಈ ಪ್ಲೇಯರೂ ಹಾಗೇ. ಡಿಸ್ಕ್ ಒಮ್ಮೆ ತಿರುಗಿ ಮುಂದಿನ ಹಲವು ನಿಮಿಷಕ್ಕೆ ಆಗುವಷ್ಟು ಹಾಡನ್ನು ಮೆಮೊರಿ ಚಿಪ್‌ಗೆ ತುಂಬಿಸಿ ಮಲಗಿಬಿಡುತ್ತದೆ. ಓದುವ ತಲೆ ತಟ್ಟೆಯಿಂದ ಪಕ್ಕಕ್ಕೆ ಸರಿದು ಕೂಡುತ್ತದೆ. ನೀವು ಕೇಳುತ್ತಿರುವುದು ಟಾಕಿಯ ನೀರು. ನಿಮ್ಮ ಮಾದರಿಯಲ್ಲಿ ಈ ಟಾಕಿ 64 ಎಂಬಿಯದು. ಅದರಲ್ಲಿ ಸ್ವಲ್ಪ ಯಂತ್ರದ ಸ್ವಂತ ಕೆಲಸಕ್ಕೆ ಹೋಗುತ್ತದೆ.

ಈಗ ಲೆಕ್ಕ ನೋಡಿ. ಪ್ರವಚನವನ್ನು 64 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಇಟ್ಟಿದ್ದರೆ ಒಂದು ತಾಸಿಗೆ ಸುಮಾರು 29 ಎಂಬಿ. ಡಿಸ್ಕ್ ಒಂದೆರಡು ಸಲ ಎದ್ದರೆ ಪೂರ್ತಿ ಪ್ರವಚನ ಮುಗಿಯುತ್ತದೆ. ಅದೇ ಸಿಡಿಯಿಂದ ನೇರ ತೆಗೆದ ವೇವ್ ಫೈಲ್ ಆದರೆ ನಿಮಿಷಕ್ಕೆ 10 ಎಂಬಿ. ಡಿಸ್ಕ್ ಕೆಲವೇ ನಿಮಿಷಕ್ಕೊಮ್ಮೆ ಎದ್ದು ಓಡಬೇಕು. ಹಾಗಾಗಿ ನಿಮ್ಮಪ್ಪ ತಾಸುಗಟ್ಟಲೆ ಪ್ರವಚನ ಕೇಳುತ್ತಿದ್ದದ್ದೇ ಈ ಡಿಸ್ಕಿನ ಆಯಸ್ಸು ಕಾಪಾಡಿದೆ ಅಂತ ನನ್ನ ಅಂದಾಜು. ಮಗ್ಗ ಅಲುಗುತ್ತಿದ್ದಾಗ ಬಹಳ ಹೊತ್ತು ಅದು ಮಲಗಿತ್ತು. ಮಲಗಿರುವ ಡಿಸ್ಕ್ ಎಷ್ಟೋ ಪೆಟ್ಟು ತಡೆಯುತ್ತದೆ. ಎದ್ದು ತಿರುಗುತ್ತಿರುವಾಗ ಬಿದ್ದ ಪೆಟ್ಟೇ ಕೊಲ್ಲುವುದು. ಐದು ಸೆಕೆಂಡ್ ಕೇಳಿ ಮುಂದಿನ ಹಾಡು, ಮತ್ತೆ ಮುಂದಿನದು ಅಂತ ಒತ್ತುತ್ತಾ ಹೋಗುವವರ ಪ್ಲೇಯರ್ ಬೇಗ ಹಾಳಾಗುವುದೂ ಇದಕ್ಕೇ. ಟಾಕಿ ಖಾಲಿ ಮಾಡಿ ಮಾಡಿ ಮೋಟರ್ ಓಡಿಸಿದಂತೆ. ಚಾರ್ಜೂ ಹಾಗೇ ಸೋರುತ್ತದೆ.

ನಿಮ್ಮ ತಿಕ್ ತಿಕ್ ಯಾವುದು ಅಂತ ನೋಡೋಣ. ಹಲವು ನಿಮಿಷಕ್ಕೊಮ್ಮೆ ಸಣ್ಣ ಗುಂಯ್ ಶಬ್ದ, ಕೊನೆಗೆ ಒಂದೇ ಒಂದು ‘ಟಿಕ್’. ಅದು ಡಿಸ್ಕ್ ಎದ್ದು ಮಲಗುವ ಶಬ್ದ, ರೋಗ ಅಲ್ಲ. ಒಂದೇ ಲಯದಲ್ಲಿ ತಿಕ್, ತಿಕ್, ತಿಕ್ ಅಂತ ಬಂದು ಹಾಡು ನಿಂತರೆ ಓದುವ ತಲೆಗೆ ದಾರಿ ಸಿಗುತ್ತಿಲ್ಲ ಅಂತ ಅರ್ಥ. ಹೋಗಿ ಹುಡುಕುತ್ತದೆ, ಸಿಗುವುದಿಲ್ಲ, ವಾಪಸ್ ಬಂದು ಮತ್ತೆ ಹೋಗುತ್ತದೆ. ನೀವು ಬರೆದಿದ್ದು ನೋಡಿದರೆ ಎರಡನೇದೇ ಅನ್ನಿಸುತ್ತದೆ. ಒಂದು ಸಮಾಧಾನ ಇದೆ. ಮಗ್ಗದ ಅಲುಗಾಟದಲ್ಲಿ ಒಳ್ಳೇ ಡಿಸ್ಕೂ ದಾರಿ ತಪ್ಪುತ್ತದೆ. ಮಗ್ಗ ನಿಂತಾಗ, ಮನೆಯೊಳಗೆ, ಗಾದಿ ಮೇಲೆ ಇಟ್ಟು ಒಂದು ಹಾಡು ಹಾಕಿ ಕಿವಿ ಕೊಡಿ. ಅಲ್ಲಿ ಸಪ್ಪಳ ಬರದಿದ್ದರೆ ಇನ್ನೂ ಜೀವ ಇದೆ.

ಸಂಶಯ ಇದ್ದರೆ ಡಿಸ್ಕಿನ ಜಾತಕ ಐಪಾಡಿನಲ್ಲೇ ಇದೆ. ಮೆನು ಗುಂಡಿ ಮತ್ತು ನಡುವಿನ ಗುಂಡಿ ಎರಡನ್ನೂ ಏಳೆಂಟು ಸೆಕೆಂಡ್ ಒತ್ತಿ ಹಿಡಿಯಿರಿ. ಪರದೆ ಆರಿ ಸೇಬಿನ ಚಿತ್ರ ಬರುತ್ತಿದ್ದಂತೆ ಕೈ ಬದಲಿಸಿ ನಡುವಿನ ಗುಂಡಿ ಮತ್ತು ಹಿಂದಿನ ಹಾಡಿನ ಗುಂಡಿ ಹಿಡಿಯಿರಿ. ಪರೀಕ್ಷೆಯ ಪಟ್ಟಿ ಬರುತ್ತದೆ. ಅದರಲ್ಲಿ ಮ್ಯಾನುಯಲ್ ಟೆಸ್ಟ್, ಐಒ, ಹಾರ್ಡ್ ಡ್ರೈವ್, ಆಮೇಲೆ ಸ್ಮಾರ್ಟ್ ಡೇಟಾ ಅಂತ ಒಂದರೊಳಗೊಂದು ತೆರೆಯುತ್ತಾ ಹೋಗಿ. ‘ರೀಆಲಾಕ್ಸ್’ ಅಂದರೆ ಕೆಟ್ಟು ಬದಲಿಸಿದ ಜಾಗಗಳು. ‘ಪೆಂಡಿಂಗ್ ಸೆಕ್ಟರ್ಸ್’ ಅಂದರೆ ಈಗ ಓದಲು ಆಗದೆ ಕುಳಿತ ಜಾಗಗಳು. ಎರಡೂ ಸೊನ್ನೆ ಇದ್ದರೆ ಗೆದ್ದಿರಿ. ನೂರು ದಾಟಿದ್ದರೆ ಒಂದು ದಿನವೂ ತಡ ಮಾಡಬೇಡಿ. ಅಲ್ಲಿರುವ ಬೇರೆ ಪರೀಕ್ಷೆಗಳನ್ನು ಸುಮ್ನೆ ಒತ್ತಿ ನೋಡಲು ಹೋಗಬೇಡಿ. ಮತ್ತೆ ಮೆನು ಮತ್ತು ನಡುವಿನ ಗುಂಡಿ ಹಿಡಿದರೆ ಹೊರಗೆ ಬರುತ್ತದೆ.

ಯಾರಾದರೂ ‘ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ’ ಅನ್ನುತ್ತಾರೆ. ‘ಅಂಗೈಗೆ ಒಮ್ಮೆ ಬಡೀರಿ’ ಅಂತಲೂ ಅನ್ನುತ್ತಾರೆ. ಎರಡೂ ಮಾಡಬೇಡಿ. ಫ್ರಿಜ್‌ನಿಂದ ಹೊರಗೆ ತೆಗೆದ ತಂಬಿಗೆಯ ಮೇಲೆ ನೀರು ಕೂರುವುದನ್ನು ನೋಡಿದ್ದೀರಲ್ಲ, ಅದೇ ನೀರು ಇಲ್ಲಿ ಒಳಗೆ ಕೂರುತ್ತದೆ.

ಈಗ ಹಾಡು ತೆಗೆಯುವುದು. ಇಲ್ಲಿ ನಿಧಾನವಾಗಿ ಓದಿ.

‘ಅಳಿಸಿ ತುಂಬಲೇ’ ಅಂತ ಕೇಳುವುದಕ್ಕೆ ಕಾರಣ ಇದೆ. ಈ ಐಪಾಡ್ ಮಾವನ ಕಂಪ್ಯೂಟರಿನ ಹಾಡಿನ ಪಟ್ಟಿಗೆ ಕಟ್ಟಿಕೊಂಡಿದೆ. ನಿಮ್ಮ ಲ್ಯಾಪ್‌ಟಾಪ್ ಅದಕ್ಕೆ ಪರಕೀಯ. ಅಲ್ಲಿನ ಐಟ್ಯೂನ್ಸ್‌ನಲ್ಲಿ (ಐಪಾಡಿಗೆ ಹಾಡು ತುಂಬುವ ಆಪಲ್‌ನ ತಂತ್ರಾಂಶ) ಹಾಡೇ ಇಲ್ಲದಿದ್ದರೆ ಆ ಖಾಲಿಯನ್ನೇ ಐಪಾಡಿಗೆ ನಕಲು ಮಾಡುತ್ತದೆ. ‘ಹೌದು’ ಅಂದರೆ ಮುಗಿಯಿತು. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ಹತ್ತಿರ 30 ಜಿಬಿಯದೊಂದು ಇತ್ತು. ತಮ್ಮನ ಮನೆಗೆ ಹೋದಾಗ ಚಾರ್ಜ್ ಆಗಲಿ ಅಂತ ಅವನ ಕಂಪ್ಯೂಟರ್‌ಗೆ ಹಾಕಿದೆ. ಏನೋ ಕೇಳಿತು, ಮಾತಾಡುತ್ತಾ ಒತ್ತಿಬಿಟ್ಟೆ. ಚಹಾ ಕುಡಿದು ಬರುವುದರೊಳಗೆ ಖಾಲಿ. ದಿನಾ ಬೇರೆಯವರಿಗೆ ಬುದ್ಧಿ ಹೇಳುವ ಕೈಯೇ ಅದು. ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶದಿಂದ ಸ್ವಲ್ಪ ವಾಪಸ್ ಬಂತು, ಹೆಸರು ಒಂದಕ್ಕೂ ಇರಲಿಲ್ಲ. ಅದರಲ್ಲಿದ್ದ ನನ್ನ ಮಾವನವರ ಭಜನೆ ಬರಲೇ ಇಲ್ಲ. ಮನೆಯವರು ಇವತ್ತಿಗೂ ಅದನ್ನು ಎತ್ತುತ್ತಾರೆ.

ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ಇದ್ದರೆ ತೆಗೆದುಬಿಡಿ, ಈ ಕೆಲಸಕ್ಕೆ ಅದು ಬೇಡ. ಇರಲೇಬೇಕಾದರೆ ಕೇಬಲ್ ಚುಚ್ಚುವಾಗ ಶಿಫ್ಟ್ ಮತ್ತು ಕಂಟ್ರೋಲ್ ಎರಡೂ ಒತ್ತಿ ಹಿಡಿಯಿರಿ, ತಾನೇ ತುಂಬುವ ಕೆಲಸ ಶುರುವಾಗುವುದಿಲ್ಲ. ಆಮೇಲೆ ಐಪಾಡನ್ನು ಡಿಸ್ಕ್ ಮೋಡ್‌ಗೆ ತನ್ನಿ. ಮೊದಲಿನಂತೆ ಮೆನು ಮತ್ತು ನಡುವಿನ ಗುಂಡಿ, ಸೇಬು ಕಂಡ ತಕ್ಷಣ ನಡುವಿನ ಗುಂಡಿ ಮತ್ತು ಪ್ಲೇ. ಈಗ ಅದು ಪೆನ್‌ಡ್ರೈವ್‌ನಂತೆ ಕಾಣುತ್ತದೆ. ವಿಂಡೋಸ್ ‘ಇದನ್ನು ಫಾರ್ಮ್ಯಾಟ್ ಮಾಡಬೇಕು’ ಅಂದರೆ ಹೆದರಬೇಡಿ, ಒಪ್ಪಲೂ ಬೇಡಿ. ಮಾವ ಆಪಲ್ ಕಂಪ್ಯೂಟರಿನಲ್ಲಿ ತುಂಬಿದ್ದರೆ ವಿಂಡೋಸ್‌ಗೆ ಅದರ ಲಿಪಿ ಬರುವುದಿಲ್ಲ, ಅಷ್ಟೇ. ಆಗ ಮ್ಯಾಕ್ ಇರುವವರ ಮನೆಗೆ ಒಯ್ಯಿರಿ.

ತೆರೆದು ನೋಡಿದರೆ ಹಾಡೇ ಇಲ್ಲ ಅನ್ನಿಸುತ್ತದೆ. ಅಡಗಿಸಿದ ಫೈಲ್‌ಗಳನ್ನು ತೋರಿಸು ಅನ್ನುವ ಆಯ್ಕೆ ಹಾಕಿ. ಆಗ ಐಪಾಡ್ ಕಂಟ್ರೋಲ್ ಅನ್ನುವ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಅಂತ ಸಾಲು ಕಾಣುತ್ತದೆ. ಒಳಗಿನ ಫೈಲ್‌ಗಳಿಗೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರು. ಪಾರಿಜಾತದ ಒಂದು ತುಂಡು ಒಂದು ಫೋಲ್ಡರಿನಲ್ಲಿ, ಇನ್ನೊಂದು ಮತ್ತೆಲ್ಲೋ. ಸಂತೆಯಲ್ಲಿ ಕಾಳು ಚೆಲ್ಲಿದಂತೆ. ಸಿನಿಮಾ ಹಾಡಿಗೆ ತೊಂದರೆ ಇಲ್ಲ. ಹಾಡಿನ ಹೆಸರು ಫೈಲಿನ ಒಳಗೇ ಬರೆದಿರುತ್ತದೆ, ಯಾವ ಪ್ಲೇಯರಿಗೆ ಹಾಕಿದರೂ ಓದಿಕೊಳ್ಳುತ್ತದೆ. ತೊಂದರೆ ಇರುವುದು ನಿಮ್ಮ ಕ್ಯಾಸೆಟ್ಟಿನವಕ್ಕೆ. ಮಾವ ಅವುಗಳ ಒಳಗೆ ಹೆಸರು ತುಂಬಿರದಿದ್ದರೆ ಆ ಹೆಸರು ಐಟ್ಯೂನ್ಸ್ ಡಿಬಿ ಅನ್ನುವ ಒಂದೇ ಒಂದು ಪಟ್ಟಿ ಫೈಲಿನಲ್ಲಿ ಇರುತ್ತದೆ. ಹಾಡನ್ನಷ್ಟೇ ಎಳೆದುಕೊಂಡು ಆ ಫೈಲ್ ಬಿಟ್ಟರೆ ನೂರಾರು ಅನಾಮಧೇಯ ಫೈಲ್ ಕೈಗೆ ಬರುತ್ತವೆ.

ಆದ್ದರಿಂದ ಆ ಪಟ್ಟಿಯನ್ನು ಓದಬಲ್ಲ ತಂತ್ರಾಂಶ ಬಳಸಿ. ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಉಚಿತ ವ್ಯವಸ್ಥೆ) ಜಿಟಿಕೆಪಾಡ್, ರಿದಮ್‌ಬಾಕ್ಸ್ ಇದನ್ನು ಓದುತ್ತವೆ, ದುಡ್ಡು ಕೊಡಬೇಕಿಲ್ಲ. ಕಾಲೇಜಿನ ಹುಡುಗರ ಹತ್ತಿರ ಲಿನಕ್ಸ್ ಇದ್ದೇ ಇರುತ್ತದೆ. ಇವುಗಳಲ್ಲಿ ಹಾಡು ಹೆಸರು ಸಮೇತ ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಭಜನೆ ತೆಗೆಯಿರಿ, ಆಮೇಲೆ ಪಾರಿಜಾತ, ಆಮೇಲೆ ಪ್ರವಚನ. ಸಿನಿಮಾ ಹಾಡು ಕೊನೆಗೆ. ಅದು ಎಲ್ಲಿಯಾದರೂ ಸಿಗುತ್ತದೆ. ನಿಮ್ಮ ಓಣಿಯ ಭಜನೆ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಕಾಯಿಲೆ ಬಿದ್ದ ಡಿಸ್ಕ್ ಯಾವಾಗ ನಿಲ್ಲುತ್ತದೆ ಹೇಳಲಾಗದು, ಅದಕ್ಕೇ ಈ ಸಾಲು. ಯಾವುದಾದರೂ ಫೈಲ್‌ನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅದಕ್ಕೆ ವಾಪಸ್ ಬನ್ನಿ. ಹಟ ಹಿಡಿದು ಅಲ್ಲೇ ಕೂತರೆ ಉಳಿದದ್ದೂ ಹೋಗುತ್ತದೆ.

ಹೊತ್ತು ಆರಿಸುವುದೂ ಮುಖ್ಯ. ಈ ಯಂತ್ರವನ್ನು ಬಳಸಲು ಕಂಪನಿ ಹೇಳಿರುವ ಹೆಚ್ಚಿನ ಉಷ್ಣ 35 ಡಿಗ್ರಿ. ನಮ್ಮ ಏಪ್ರಿಲ್, ಮೇ ನಿಮಗೇ ಗೊತ್ತು, ನೆರಳಲ್ಲೇ 40 ದಾಟುತ್ತದೆ. ತಗಡಿನ ಶೆಡ್ಡಿನೊಳಗಂತೂ ಕೇಳುವುದೇ ಬೇಡ. ನಕಲು ಮಾಡುವಾಗ ಡಿಸ್ಕ್ ಮಲಗುವುದಿಲ್ಲ, ತಾಸುಗಟ್ಟಲೆ ತಿರುಗುತ್ತದೆ, ಬೆನ್ನು ಬಿಸಿಯಾಗುತ್ತದೆ. ಬೆಳಿಗ್ಗೆ ಐದಕ್ಕೆ ಶುರು ಮಾಡಿ. ಫ್ಯಾನ್ ಹಾಕಿ. ನಡುನಡುವೆ ಅರ್ಧ ತಾಸು ಬಿಡಿ. ಎಲ್ಲ ಬಂದ ಮೇಲೆ ಎರಡು ನಕಲು ಇಡಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ. ಆ ಫೈಲ್‌ಗಳನ್ನು ‘ಸಣ್ಣದು ಮಾಡೋಣ’ ಅಂತ ಮತ್ತೆ ಎಂಪಿ3 ಮಾಡಬೇಡಿ. ಒಮ್ಮೆ ಹಿಂಡಿದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟರೆ ಸಿಗುವುದು ಸಿಪ್ಪೆ.

ಈಗ ಕಾರ್ಡಿಗೆ ಬರೋಣ. ಹಾಕಿಸಿ. ಡಿಸ್ಕಿನ ಜಾಗದಲ್ಲಿ ಅಡಾಪ್ಟರ್, ಅದರಲ್ಲಿ ಎಸ್‌ಡಿ ಕಾರ್ಡ್. ತಿರುಗುವುದು ಏನೂ ಉಳಿಯುವುದಿಲ್ಲ. ಮಗ್ಗ ಎಷ್ಟು ಬಡಿದುಕೊಂಡರೂ ಅದಕ್ಕೆ ಲೆಕ್ಕಕ್ಕಿಲ್ಲ. ಮೋಟರ್ ಇಲ್ಲದ್ದರಿಂದ ಚಾರ್ಜೂ ಜಾಸ್ತಿ ಬರುತ್ತದೆ. ನಿಮ್ಮದು 2009ರಲ್ಲಿ ಬಂದ ತೆಳು ಮಾದರಿ, ಹಾಗಾಗಿ 128 ಜಿಬಿಗಿಂತ ದೊಡ್ಡ ಕಾರ್ಡನ್ನೂ ಒಪ್ಪುತ್ತದೆ. ಅದಕ್ಕಿಂತ ಹಿಂದಿನ 2007, 2008ರ ಕ್ಲಾಸಿಕ್ ಇದ್ದವರು 128ರಲ್ಲೇ ನಿಲ್ಲಬೇಕು. ಆದರೆ ಬಿಚ್ಚುವುದು ಇದೆಯಲ್ಲ, ಅದೇ ಕಷ್ಟ. ಮುಂದೆಯೂ ಲೋಹ, ಹಿಂದೆಯೂ ಲೋಹ. ಸ್ಕ್ರೂ ಕಾಣುವುದಿಲ್ಲ, ಸುತ್ತಲೂ ಒಳಗಿನ ಕೊಂಡಿಗಳು ಹಿಡಿದಿರುತ್ತವೆ. ನನ್ನ ಹಳೇ 30 ಜಿಬಿಯದು ಮುಂದೆ ಪ್ಲಾಸ್ಟಿಕ್ ಇದ್ದದ್ದರಿಂದ ಹೇಗೋ ಬಿಚ್ಚಿಕೊಳ್ಳುತ್ತಿತ್ತು. ನಿಮ್ಮದರಲ್ಲಿ ಅಂಚು ಡೊಂಕಾಗುತ್ತದೆ, ಅವಸರ ಮಾಡಿದರೆ ಬ್ಯಾಟರಿಯ ತೆಳು ಪಟ್ಟಿ ಹರಿಯುತ್ತದೆ. ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಈ ಮಾದರಿ ಎಷ್ಟು ಬಿಚ್ಚಿದ್ದೀರಿ? ‘ನೋಡೋಣ ರೀ, ಬಿಚ್ಚಿದರ ಗೊತ್ತಾಗತೈತಿ’ ಅಂದರೆ ನಮಸ್ಕಾರ ಹೇಳಿ ಬನ್ನಿ. 2014ರಲ್ಲೇ ಈ ಮಾದರಿ ನಿಂತಿದೆ, ಬದಲಿ ಭಾಗ ಬೇಕೆಂದರೆ ಇನ್ನೊಂದು ಸತ್ತ ಐಪಾಡ್ ಹುಡುಕಬೇಕು.

ಕಾರ್ಡನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಮೇಲೆ 256 ಅಂತ ಬರೆದು ಒಳಗೆ 32 ಇರುವ ಕಾರ್ಡ್‌ಗಳು ಬರುತ್ತವೆ. ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಿದ ಮೇಲೆಯೇ ಒಳಗೆ ಹಾಕಿಸಿ.

ಬಿಚ್ಚಿದಾಗಲೇ ಬ್ಯಾಟರಿಯೂ ಬದಲಾಗಲಿ. ಹೊಸದರಲ್ಲಿ ಇದಕ್ಕೆ 36 ತಾಸು ಹಾಡು ಅಂತ ಹೇಳುತ್ತಿದ್ದರು. ಈಗ ಎರಡು ತಾಸು ಅಂದರೆ ಅದರ ಆಯಸ್ಸು ಮುಗಿದಿದೆ. ಬೆನ್ನು ಸ್ವಲ್ಪ ಉಬ್ಬಿದೆಯಾ ನೋಡಿ, ಟೇಬಲ್ ಮೇಲೆ ಇಟ್ಟರೆ ಬೋಗುಣಿಯಂತೆ ಅಲುಗುತ್ತದೆ. ಉಬ್ಬಿದ್ದರೆ ಚಾರ್ಜ್‌ಗೇ ಹಾಕಬೇಡಿ. ಕೇಬಲ್ ಚುಚ್ಚಿದರೆ ಚಾರ್ಜೂ ಶುರುವಾಗುತ್ತದೆ, ಹಾಗಾಗಿ ಆಗ ಮಾತ್ರ ಬ್ಯಾಟರಿ ಬದಲಿಸಿದ ಮೇಲೆ ಹಾಡು ತೆಗೆಯಬೇಕು. ನಾನು ಹೇಳಿದ ಸಾಲು ತಿರುಗುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಡಿಸ್ಕ್ ಮುಟ್ಟಬೇಡಿ ಅಂತ ಅಂಗಡಿಯವರಿಗೆ ಎರಡು ಸಲ ಹೇಳಿ.

ಫೋನ್ ಕೊಡಿಸುವ ಮಾತು. ಲೆಕ್ಕದಲ್ಲಿ ನೋಡಿದರೆ ಫೋನೇ ಗೆಲ್ಲುತ್ತದೆ. ಕಾರ್ಡ್ ಹಾಕುವ ಸಾದಾ ಸ್ಮಾರ್ಟ್‌ಫೋನಿನಲ್ಲಿ ಇಷ್ಟೂ ಹಾಡು ಹಿಡಿಯುತ್ತದೆ. 160 ಜಿಬಿ ಅಂದರೆ ತೊಂಬತ್ತು ನಿಮಿಷದ ಕ್ಯಾಸೆಟ್ ಸುಮಾರು 1,800, ಸಾಧಾರಣ ಎಂಪಿ3 ಲೆಕ್ಕದಲ್ಲಿ. ಯಾರ ಆಯುಷ್ಯಕ್ಕೂ ಸಾಕು. ಆದರೂ ನಾನಾಗಿದ್ದರೆ ಐಪಾಡನ್ನೇ ಸರಿ ಮಾಡಿಸಿ ಕೊಡುತ್ತಿದ್ದೆ. ಅಪ್ಪ ಹದಿನೈದು ವರ್ಷ ಆ ಚಕ್ರದ ಮೇಲೆ ಬೆರಳಾಡಿಸಿದ್ದಾರೆ, ಪರದೆ ನೋಡದೆ ನಿಲ್ಲಿಸುತ್ತಾರೆ, ಏರಿಸುತ್ತಾರೆ. ನೂಲು ಕಡಿದಾಗ ಒಂದು ಕೈ ಮಗ್ಗದ ಮೇಲೆ, ಇನ್ನೊಂದು ಐಪಾಡಿನ ಮೇಲೆ. ಪಾರಿಜಾತದ ನಡುವೆ ಸಾಲ ಬೇಕಾ ಅಂತ ಯಾರೂ ಫೋನ್ ಮಾಡುವುದಿಲ್ಲ.

ನೀವು ಕೇಳದ ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಪವರ್‌ಲೂಮ್ ಸಪ್ಪಳದ ಮೇಲೆ ಹಾಡು ಕೇಳಿಸಬೇಕಾದರೆ ಹಾಡನ್ನು ಅದಕ್ಕಿಂತ ಮೇಲೆ ಏರಿಸಬೇಕು. ದಿನಕ್ಕೆ ಎಂಟು ತಾಸಿಗೆ 85 ಡೆಸಿಬೆಲ್ ಅಂತ ಕಿವಿಗೆ ಒಂದು ಮಿತಿ ಹೇಳುತ್ತಾರೆ. ಮಗ್ಗವೇ ಆ ಮಿತಿಯನ್ನು ತಿಂದುಬಿಡುತ್ತದೆ. ಕಿವಿಯೊಳಗೆ ಬಿಗಿಯಾಗಿ ಕೂರುವ, ಸ್ಪಂಜಿನ ತುದಿ ಇರುವ ಇಯರ್‌ಫೋನ್ ಕೊಡಿಸಿ. ಹೊರಗಿನ ಸಪ್ಪಳ ತಡೆದರೆ ಹಾಡನ್ನು ಏರಿಸುವುದೇ ಬೇಕಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಲಿಮಿಟ್ ಇದೆ, ಮಗ್ಗ ನಿಂತಾಗ ಕೇಳಿ ಒಂದು ಗುರುತಿಗೆ ಕಟ್ಟಿಬಿಡಿ. ಇಯರ್‌ಫೋನ್ ಚುಚ್ಚುವ ತೂತಿನಲ್ಲಿ ಹತ್ತಿಯ ಧೂಳು ಸೇರಿ ಒಂದೇ ಕಿವಿಗೆ ಹಾಡು ಬರುವುದೂ ನಿಮ್ಮ ಕಡೆ ಸಾಮಾನ್ಯ. ಒಣ ಬೆಂಕಿಕಡ್ಡಿಯ ತುದಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ ಹಾಕಬೇಡಿ.

ಹಾಡೆಲ್ಲ ಲ್ಯಾಪ್‌ಟಾಪಿಗೆ ಬಂದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಟ್ರ್ಯಾಕ್ 07’ ಅಂತ ಇರುವುದನ್ನು ಒಂದೊಂದಾಗಿ ಹಾಕಿ. ಯಾರು ಹಾಡಿದ್ದು, ಯಾವ ಊರಿನ ಜಾತ್ರೆ, ಯಾವ ವರ್ಷ ಅಂತ ಅವರು ಹೇಳಲಿ, ನೀವು ಫೈಲಿನ ಒಳಗೇ ಬರೆಯಿರಿ. ಐಪಾಡಿನಲ್ಲಿ ತೋರಿಸುವುದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಇಂಥ ಹಳೇ ಪರದೆಗಳ ಮೇಲೆ ಕನ್ನಡದ ಒತ್ತಕ್ಷರವನ್ನು ನಾನು ನಂಬುವುದಿಲ್ಲ. ಕನ್ನಡದ ಪಟ್ಟಿ ಬೇರೆ ಮಾಡಿ ಇಡಿ.

ಅಂಗಡಿಯವರು ಕಾರ್ಡ್ ಹಾಕಿದ ಮೇಲೆ ‘ಹಳೇ ಡಿಸ್ಕ್ ನಮಗಿರಲಿ’ ಅಂದರೆ ಕೊಡಬೇಡಿ. ಮನೆಗೆ ತಂದು, ಒಂದು ಸಣ್ಣ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ. ಭಜನೆಯ ಯಾವುದೋ ಒಂದು ಪದ ನಕಲಿನಲ್ಲಿ ಬಂದಿಲ್ಲ ಅಂತ ಅಪ್ಪನಿಗೆ ನೆನಪಾಗುವುದು ಮುಂದಿನ ಶ್ರಾವಣದಲ್ಲಿ.